ಬೀಜ ಮೊಳೆಯುವ ತನಕ

ಶಾಲೆಯ ಮೆಟ್ಟಿಲನ್ನು ಇನ್ನೂ ಹತ್ತದ ಮಗುವಿಗೆ ವಿಶ್ವಾಸದ ಮೊದಲ ಪಾಠವನ್ನು ಹೇಳಿಕೊಡಬೇಕಾದವರು ಯಾರು? ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಪ್ರಕಟಿಸಿದ ಕ್ರೈಸ್ತ ಶಿಕ್ಷಣದ ಘೋಷಣೆ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. ತಂದೆತಾಯಿಯರೇ ಮಕ್ಕಳ ಮೊದಲ ಹಾಗೂ ಪ್ರಧಾನ ಶಿಕ್ಷಕರು. ಈ ಮಾತನ್ನು ನಾವು ಗುರುಗಳು ಪ್ರಬೋಧನೆಗಳಲ್ಲಿ, ವಿವಾಹ ಸಿದ್ಧತೆಯ ಶಿಬಿರಗಳಲ್ಲಿ, ದೀಕ್ಷಾಸ್ನಾನದ ಸಂದರ್ಭಗಳಲ್ಲಿ ಮತ್ತೆ ಮತ್ತೆ ಹೇಳುತ್ತಾ ಬಂದಿದ್ದೇವೆ. ಆದರೆ ಸಂಜೆ ಏಳು ಗಂಟೆಗೆ ಕೆಲಸದಿಂದ ದಣಿದು ಬಂದ ತಾಯಿ ತನ್ನ ನಾಲ್ಕು ವರ್ಷದ ಮಗುವಿನೊಡನೆ ಕುಳಿತು ನಿರ್ದಿಷ್ಟವಾಗಿ ಏನು ಮಾಡಬೇಕು ಎಂಬುದನ್ನು ಹೇಳಿಕೊಟ್ಟದ್ದು ಕಡಿಮೆ.

ಆ ತೆರವಾದ ಜಾಗಕ್ಕೆ ಈಗ ಬೇರೆ ಸಾಮಗ್ರಿ ಬಂದು ತುಂಬಿಕೊಂಡಿದೆ. ಮೊಬೈಲ್ ಫೋನಿನ ಮೂಲಕ ಹಂಚಿಕೆಯಾಗುವ ಚಟುವಟಿಕೆಯ ಹಾಳೆಗಳು, ಬಣ್ಣ ತುಂಬುವ ಚಿತ್ರಗಳು, ಕತ್ತರಿಸಿ ಅಂಟಿಸುವ ಮಾದರಿಗಳು ನಮ್ಮ ಅನೇಕ ಮನೆಗಳನ್ನು ತಲುಪಿವೆ. ಇವುಗಳಲ್ಲಿ ಒಂದು ಬಗೆ ವಿಶೇಷವಾಗಿ ಗಮನಾರ್ಹವಾದುದು. ಒಂದು ಚಿತ್ರಪುಸ್ತಕವನ್ನು ಆರಿಸಿಕೊಂಡು ಅದರ ಸುತ್ತ ಓದು, ಎಣಿಕೆ, ಕೈಕೆಲಸ ಮತ್ತು ಪ್ರಾರ್ಥನೆಯನ್ನು ಹೆಣೆಯುವ ವಿಧಾನ ಅದು. ಅಮೆರಿಕದಲ್ಲಿ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕ್ರೈಸ್ತ ಕುಟುಂಬಗಳ ನಡುವೆ ಇದು ಚೆನ್ನಾಗಿ ಬೆಳೆದಿದೆ. ಜೇನ್ ಕ್ಲೇರ್ ಲ್ಯಾಂಬರ್ಟ್ ಎಂಬ ಲೇಖಕಿ 1994ರಲ್ಲಿ ಆರಂಭಿಸಿದ 'ಫೈವ್ ಇನ್ ಎ ರೋ' ಎಂಬ ಪಠ್ಯಮಾಲೆ ಇದರ ಪ್ರಸಿದ್ಧ ಉದಾಹರಣೆ. ಒಂದೇ ಕಥೆಯನ್ನು ಸತತ ಐದು ದಿನ ಓದುವುದು, ಪ್ರತಿದಿನವೂ ಅದರ ಒಂದೊಂದು ಮುಖವನ್ನು ಮಗುವಿನೊಡನೆ ನೋಡುವುದು ಅದರ ಕ್ರಮ.

ಈ ವಿಧಾನ ಒಳ್ಳೆಯದೇ? ನಮ್ಮ ಮನೆಗಳಿಗೆ ಅದು ಹೊಂದುತ್ತದೆಯೇ? ಸಾಮಾನ್ಯವಾಗಿ ಮಾತನಾಡುವುದಕ್ಕಿಂತ ಒಂದು ಪುಸ್ತಕವನ್ನು ಕೈಗೆತ್ತಿಕೊಂಡು, ಅದರ ಸುತ್ತ ನಡೆಯುವ ಕಲಿಕೆಯನ್ನು ಪರಿಶೀಲಿಸುವುದು ಲೇಸು. ಅದಕ್ಕಾಗಿ ನಾನು ಆರಿಸಿಕೊಂಡದ್ದು 'ದಿ ಕ್ಯಾರೆಟ್ ಸೀಡ್', ಅಂದರೆ 'ಕ್ಯಾರೆಟ್ ಬೀಜ'.

ಪುಟ್ಟ ಪುಸ್ತಕದ ಪರಿಚಯ

ಈ ಪುಸ್ತಕ ಪ್ರಕಟವಾದದ್ದು 1945ರಲ್ಲಿ, ನ್ಯೂಯಾರ್ಕಿನ ಹಾರ್ಪರ್ ಪ್ರಕಾಶನದಿಂದ. ಕಥೆ ಬರೆದವರು ರೂತ್ ಕ್ರಾಸ್, ಚಿತ್ರ ಬರೆದವರು ಅವರ ಪತಿ ಕ್ರಾಕೆಟ್ ಜಾನ್ಸನ್. ನೇರಳೆ ಬಳಪದಿಂದ ತನ್ನ ಲೋಕವನ್ನೇ ಬರೆದುಕೊಳ್ಳುವ ಹೆರಾಲ್ಡ್ ಎಂಬ ಹುಡುಗನ ಕಥೆಯನ್ನು 1955ರಲ್ಲಿ ರಚಿಸಿದವರೂ ಇದೇ ಜಾನ್ಸನ್. 'ಕ್ಯಾರೆಟ್ ಬೀಜ' ಪ್ರಕಟವಾಗಿ ಎಂಟು ದಶಕಗಳೇ ಸಂದಿವೆ. ಇಡೀ ಪುಸ್ತಕದಲ್ಲಿರುವ ಪದಗಳು ನೂರರ ಆಸುಪಾಸು ಮಾತ್ರ. ಇಂಗ್ಲಿಷ್ ಅಷ್ಟಾಗಿ ಬಾರದ ತಾಯಿಯೂ ಚಿತ್ರಗಳನ್ನು ತೋರಿಸುತ್ತಾ ಇದನ್ನು ತನ್ನ ಮನೆಯ ಕನ್ನಡದಲ್ಲಿ ಹೇಳಿಬಿಡಬಹುದು.

ಕಥೆ ಹೀಗಿದೆ. ಪುಟ್ಟ ಹುಡುಗನೊಬ್ಬ ಒಂದು ಕ್ಯಾರೆಟ್ ಬೀಜವನ್ನು ನೆಡುತ್ತಾನೆ. ಅದು ಮೊಳೆಯಲಾರದೇನೋ ಎಂದು ತಾಯಿ ಅಳುಕುತ್ತಾಳೆ. ತಂದೆಯೂ ಹಾಗೆಯೇ ಅಳುಕುತ್ತಾನೆ. ಅಣ್ಣನಿಗೆ ಆ ಮೃದುತ್ವವೂ ಇಲ್ಲ, ಮೊಳೆಯುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿಬಿಡುತ್ತಾನೆ. ಹುಡುಗ ದಿನವೂ ಕಳೆ ಕೀಳುತ್ತಾನೆ, ನೀರು ಚಿಮುಕಿಸುತ್ತಾನೆ. ಏನೂ ಕಾಣಿಸುವುದಿಲ್ಲ. ಪುಟ ತಿರುಗಿಸಿದರೂ ಏನೂ ಕಾಣಿಸುವುದಿಲ್ಲ. ಎಲ್ಲರೂ ತಮ್ಮ ಮಾತನ್ನೇ ಮುಂದುವರಿಸುತ್ತಾರೆ. ಹುಡುಗ ತನ್ನ ಕೆಲಸವನ್ನು ಮುಂದುವರಿಸುತ್ತಾನೆ. ಕೊನೆಗೊಂದು ದಿನ ಕ್ಯಾರೆಟ್ ಮೇಲೆದ್ದು ಬರುತ್ತದೆ. ಹಾಗಾಗುವುದೆಂದು ಅವನಿಗೆ ಮೊದಲೇ ಗೊತ್ತಿತ್ತು ಎಂದು ಕಥೆ ಮುಗಿಯುತ್ತದೆ. ದೊಡ್ಡದೊಂದು ಕ್ಯಾರೆಟ್ಟನ್ನು ಒಂಟಿಚಕ್ರದ ಕೈಗಾಡಿಯಲ್ಲಿ ಹೇರಿಕೊಂಡು ಹೋಗುವ ಹುಡುಗ ನಮಗೆ ಕಡೆಯಲ್ಲಿ ಕಾಣುತ್ತಾನೆ.

ಚಿತ್ರಗಳು ಅತ್ಯಂತ ಸರಳ. ಕೆಲವೇ ರೇಖೆಗಳು, ಕೆಲವೇ ಬಣ್ಣಗಳು. ಹುಡುಗ, ಅವನ ಮುಂದಿನ ನೆಲ, ಬಂದು ಹೋಗುವ ದೊಡ್ಡವರು. ಇಷ್ಟನ್ನು ಬಿಟ್ಟರೆ ಪುಟದ ಬಹುಭಾಗ ಖಾಲಿಯಾಗಿದೆ.

ಮಾತನಾಡದ ಹುಡುಗ

ಈ ಪುಸ್ತಕದ ಸತ್ವವಿರುವುದು ಎರಡು ಸಂಗತಿಗಳಲ್ಲಿ. ಮೊದಲನೆಯದು ಹುಡುಗನ ಮೌನ. ಮನೆಯವರೆಲ್ಲ ಮಾತನಾಡುತ್ತಾರೆ, ಅವನೊಬ್ಬನೇ ಮಾತನಾಡುವುದಿಲ್ಲ. ವಾದಿಸುವುದಿಲ್ಲ, ಅಳುವುದಿಲ್ಲ, ಹಟ ಹಿಡಿಯುವುದಿಲ್ಲ. ಅವನ ಉತ್ತರವೆಲ್ಲ ಅವನ ಕೈಗಳಲ್ಲಿದೆ. ಕಳೆ ಕೀಳುವ ಕೈ, ನೀರು ಹಾಕುವ ಕೈ. ಎರಡೂ ನಾಲ್ಕು ವರ್ಷದ ಮಗು ಮಾಡಬಲ್ಲ ಕೆಲಸಗಳೇ. ಮಾತಿನಲ್ಲಿ ಸಮರ್ಥಿಸಿಕೊಳ್ಳಲು ಬಾರದ ವಯಸ್ಸಿನಲ್ಲಿಯೂ ನಿಷ್ಠೆಯಿಂದ ಇರಲು ಸಾಧ್ಯ ಎಂಬುದನ್ನು ಈ ಪುಸ್ತಕ ಮಗುವಿಗೆ ತೋರಿಸುತ್ತದೆ. ಹೇಳುವುದಿಲ್ಲ, ತೋರಿಸುತ್ತದೆ.

ಎರಡನೆಯದು ಏನೂ ಆಗದಿರುವ ಆ ಪುಟಗಳು. ಮಕ್ಕಳ ಕಥೆಗಳಲ್ಲಿ ಪ್ರತಿ ಪುಟಕ್ಕೂ ಏನಾದರೂ ನಡೆಯಬೇಕೆಂದು ನಾವು ನಿರೀಕ್ಷಿಸುತ್ತೇವೆ. ಇಲ್ಲಿ ಕಥೆಗಾರ್ತಿ ಧೈರ್ಯಮಾಡಿ, ಏನೂ ಮೇಲೆ ಬರಲಿಲ್ಲ ಎಂಬುದನ್ನು ಒಮ್ಮೆ ಹೇಳಿ, ಮತ್ತೊಮ್ಮೆ ಹೇಳುತ್ತಾರೆ. ಬರಿಯ ನೆಲವನ್ನೇ ನೋಡುತ್ತಾ ಕುಳಿತ ಹುಡುಗನನ್ನು ಕೇಳುವ ಮಗುವೂ ನೋಡುತ್ತಾ ಕೂರಬೇಕಾಗುತ್ತದೆ. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂದು ನಮ್ಮ ಗಾದೆ. ಆದರೆ ಆ ಗಾದೆ ಆರಂಭವಾಗುವುದು ಮೊಳಕೆ ಕಂಡ ಮೇಲೆ. ಈ ಪುಸ್ತಕ ನಿಂತಿರುವುದು ಮೊಳಕೆ ಕಾಣುವುದಕ್ಕೂ ಮುಂಚಿನ ದಿನಗಳಲ್ಲಿ. ಆ ದಿನಗಳಲ್ಲಿ ಬಾಳುವುದು ಹೇಗೆ ಎಂಬುದು ಅದರ ವಿಷಯ.

ಇಲ್ಲಿನ ತಂದೆತಾಯಿಯರ ಬಗೆಗೂ ಒಂದು ಮಾತು. ಅವರು ಕೆಟ್ಟವರಲ್ಲ. ಮಗನಿಗೆ ನಿರಾಶೆಯಾಗಬಾರದೆಂಬ ಕಕ್ಕುಲತೆಯೇ ಅವರಿಂದ ಆ ಅಳುಕಿನ ಮಾತನ್ನು ಆಡಿಸುತ್ತದೆ. ಕೇಳುವ ಮಗುವಿಗೆ ಇದು ಅಷ್ಟಾಗಿ ಹೊಳೆಯಲಿಕ್ಕಿಲ್ಲ. ಓದಿಹೇಳುವ ತಂದೆತಾಯಿಗೆ ಮಾತ್ರ ಹೊಳೆಯಲೇಬೇಕು. ಮುಂದೆ ನಾನು ಹೇಳಲಿರುವ ವಿಷಯಕ್ಕೂ ಈ ಕಕ್ಕುಲತೆಗೂ ಸಂಬಂಧವಿದೆ.

ಇದು ಕ್ರೈಸ್ತ ಪುಸ್ತಕವೇ?

ಖಂಡಿತ ಅಲ್ಲ. ಇದರಲ್ಲಿ ದೇವರ ಹೆಸರಿಲ್ಲ, ಪ್ರಾರ್ಥನೆಯಿಲ್ಲ, ಪವಿತ್ರ ಗ್ರಂಥದ ವಾಕ್ಯವಿಲ್ಲ. ಹಾಗಿದ್ದರೂ ಕ್ರೈಸ್ತ ಮನೆಗಳು ಇದನ್ನು ಪ್ರೀತಿಯಿಂದ ಬಳಸಲು ಕಾರಣ ಸುಲಭವಾಗಿ ತಿಳಿಯುತ್ತದೆ. ಬೀಜ ಎಂದೊಡನೆ ನಮ್ಮ ಕಿವಿಗೆ ಪ್ರಭು ಯೇಸುವಿನ ಸಾಮತಿಗಳು ಕೇಳಿಸುತ್ತವೆ. ಬಿತ್ತುವವನ ಸಾಮತಿ, ಸಾಸಿವೆ ಕಾಳಿನ ಸಾಮತಿ, ತಾನಾಗಿಯೇ ಬೆಳೆಯುವ ಬೀಜದ ಸಾಮತಿ. ಇವುಗಳಲ್ಲಿ ಕೊನೆಯದು ಸಂತ ಮಾರ್ಕನ ಶುಭಸಂದೇಶದಲ್ಲಿ ಮಾತ್ರ ಇದೆ (ಮಾರ್ಕ 4:26-29), ಮತ್ತು ನಮ್ಮ ಪುಸ್ತಕಕ್ಕೆ ಅತ್ಯಂತ ಹತ್ತಿರದ್ದೂ ಅದೇ.

ಹತ್ತಿರವಾದರೂ ಎರಡೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಹೋದರೆ ಮಗುವಿಗೆ ತಪ್ಪು ಪಾಠ ಹೋಗುತ್ತದೆ. ಪುಸ್ತಕದ ಹುಡುಗನಿಗೆ ಬೀಜ ಮೊಳೆಯುತ್ತದೆ ಎಂಬುದು ಗೊತ್ತಿದೆ. ಸಾಮತಿಯ ರೈತನಿಗೋ ಅದು ಹೇಗೆ ಬೆಳೆಯುತ್ತದೆ ಎಂಬುದು ಗೊತ್ತಿಲ್ಲ. ಅವನು ಬಿತ್ತುತ್ತಾನೆ, ರಾತ್ರಿ ಮಲಗುತ್ತಾನೆ, ಬೆಳಿಗ್ಗೆ ಏಳುತ್ತಾನೆ. ಅವನಿಗೆ ತಿಳಿಯದ ರೀತಿಯಲ್ಲಿ ಭೂಮಿ ತಾನಾಗಿಯೇ ಫಲ ಕೊಡುತ್ತದೆ. ಹುಡುಗನದು ತನ್ನ ತಿಳಿವಿನ ಮೇಲಿನ ಭರವಸೆ. ರೈತನದು ತನ್ನ ತಿಳಿವಿನಾಚೆ ಕೆಲಸ ಮಾಡುವ ಒಬ್ಬನ ಮೇಲಿನ ಭರವಸೆ. ಸಂತ ಪೌಲನೂ ಕೊರಿಂಥದ ಕ್ರೈಸ್ತರಿಗೆ ಇದನ್ನೇ ನೆನಪಿಸಿದ. ನೆಟ್ಟವನು ಒಬ್ಬ, ನೀರೆರೆದವನು ಮತ್ತೊಬ್ಬ, ಆದರೆ ಬೆಳೆಸಿದವನು ದೇವರು (1 ಕೊರಿಂಥ 3:6-7).

ಇದು ದೈವಶಾಸ್ತ್ರದ ತರಗತಿಗೆ ಸೇರಿದ ಸೂಕ್ಷ್ಮ ಎಂದು ಯಾರೂ ತಳ್ಳಿಹಾಕಬಾರದು. ಈ ಕಥೆಯನ್ನು ಹೇಳಿ ಮುಗಿಸಿದ ಮೇಲೆ ಅನೇಕ ಹಿರಿಯರು ಸೇರಿಸುವ ನೀತಿ ಇದು: ಗಟ್ಟಿಯಾಗಿ ನಂಬಿದರೆ ಕೇಳಿದ್ದು ಸಿಕ್ಕೇ ಸಿಗುತ್ತದೆ. ನಾಲ್ಕು ವರ್ಷದ ಮಗು ಈ ಮಾತನ್ನು ಅಕ್ಷರಶಃ ತೆಗೆದುಕೊಳ್ಳುತ್ತದೆ. ಕೆಲವೇ ತಿಂಗಳಲ್ಲಿ ಮನೆಯಲ್ಲಿ ಅಜ್ಜಿ ಕಾಯಿಲೆ ಬೀಳುತ್ತಾರೆ. ಮಗು ಗಟ್ಟಿಯಾಗಿ ನಂಬಿ ಪ್ರಾರ್ಥಿಸುತ್ತದೆ. ಅಜ್ಜಿ ತೀರಿಕೊಳ್ಳುತ್ತಾರೆ. ಆಗ ಆ ಪುಟ್ಟ ಮನಸ್ಸಿಗೆ ಉಳಿಯುವ ದಾರಿಗಳು ಎರಡೇ. ದೇವರು ಕೇಳಿಸಿಕೊಳ್ಳಲಿಲ್ಲ ಎನ್ನಬೇಕು, ಇಲ್ಲವೇ ನನ್ನ ನಂಬಿಕೆ ಸಾಲಲಿಲ್ಲ ಎನ್ನಬೇಕು. ಎರಡೂ ಸುಳ್ಳು, ಎರಡೂ ಕ್ರೂರ. ಶವಸಂಸ್ಕಾರದ ಮನೆಗಳಲ್ಲಿ ಮಕ್ಕಳ ಇಂಥ ಪ್ರಶ್ನೆಗಳನ್ನು ಎದುರಿಸದ ಗುರುವಿಲ್ಲ. ಆದ್ದರಿಂದ ಕಥೆಯ ಕೊನೆಗೆ ನೀತಿಯನ್ನು ಅಂಟಿಸುವ ಮುನ್ನ ನಾವು ಒಂದು ಕ್ಷಣ ನಿಲ್ಲುವುದು ಒಳ್ಳೆಯದು.

ಚಟುವಟಿಕೆಗಳ ಒಳಿತು, ಕೆಡುಕು

ಇನ್ನು ಈ ಪುಸ್ತಕದ ಸುತ್ತ ಸಾಮಾನ್ಯವಾಗಿ ಮಾಡಿಸುವ ಚಟುವಟಿಕೆಗಳನ್ನು ನೋಡೋಣ. ಕ್ಯಾರೆಟ್ಟಿನ ಚಿತ್ರಕ್ಕೆ ಕಿತ್ತಳೆ ಬಣ್ಣ ತುಂಬುವುದು. ಕಾಗದದ ಕ್ಯಾರೆಟ್ಟುಗಳನ್ನು ಕತ್ತರಿಸಿ ಕಂದು ಕಾಗದದ ನೆಲಕ್ಕೆ ಅಂಟಿಸುವುದು. ಒಂದರಿಂದ ಹತ್ತರವರೆಗೆ ಕ್ಯಾರೆಟ್ಟುಗಳನ್ನು ಎಣಿಸುವುದು. ಬೀಜ, ಮೊಳಕೆ, ಗಿಡ, ಕ್ಯಾರೆಟ್ ಎಂಬ ನಾಲ್ಕು ಚಿತ್ರಗಳನ್ನು ಕ್ರಮವಾಗಿ ಜೋಡಿಸುವುದು. ನಂಬಿಕೆಯ ಕುರಿತ ಒಂದು ವಾಕ್ಯವನ್ನು ಕಂಠಪಾಠ ಮಾಡುವುದು. ಕೊನೆಗೆ ಒಂದು ಲೋಟದಲ್ಲಿ ಬೀಜ ಬಿತ್ತುವುದು.

ಇವುಗಳಲ್ಲಿ ಯಾವುದೂ ಹಾನಿಕರವಲ್ಲ. ಬೆರಳುಗಳಿಗೆ ಕೆಲಸ ಬೇಕು, ಎಣಿಕೆ ಬರಬೇಕು. ಆದರೆ ಒಂದು ವಿಷಯವನ್ನು ಗಮನಿಸಿ. ಕೊನೆಯದೊಂದನ್ನು ಬಿಟ್ಟರೆ ಉಳಿದೆಲ್ಲವೂ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತವೆ ಮತ್ತು ಕೈಗೊಂದು ಕ್ಯಾರೆಟ್ಟನ್ನು ಕೊಟ್ಟುಬಿಡುತ್ತವೆ. ಕಥೆಯ ಹುಡುಗ ದಿನಗಟ್ಟಲೆ ಕಾದು ಪಡೆದದ್ದನ್ನು ನಮ್ಮ ಮಗು ಕತ್ತರಿ ಮತ್ತು ಅಂಟಿನಿಂದ ಸಂಜೆಯೊಳಗೆ ಪಡೆಯುತ್ತದೆ. ಕಾಯುವುದನ್ನು ಹೇಳುವ ಪುಸ್ತಕಕ್ಕೆ ಕಾಯಿಸದ ಚಟುವಟಿಕೆ! ಪುಸ್ತಕ ಬೇಕೆಂದೇ ಖಾಲಿ ಬಿಟ್ಟ ಪುಟಗಳನ್ನು ನಾವು ಅವಸರದಿಂದ ತುಂಬಿಬಿಡುತ್ತೇವೆ.

ಈ ದೃಷ್ಟಿಯಿಂದ ಐದು ದಿನ ಒಂದೇ ಕಥೆಯನ್ನು ಓದುವ ಲ್ಯಾಂಬರ್ಟ್ ಅವರ ಕ್ರಮ ನನಗೆ ಮೆಚ್ಚಿಗೆಯಾಗುತ್ತದೆ. ನಿನ್ನೆ ಕೇಳಿದ ಕಥೆಯನ್ನೇ ಇಂದೂ ಕೇಳುವುದು ಮಕ್ಕಳಿಗೆ ಬೇಸರವಲ್ಲ, ಅದು ಅವರ ಸಹಜ ಬಯಕೆ. ಜಪಸರ ಮಾಡುವ ಮನೆಗಳಿಗೆ, ಪ್ರತಿವರ್ಷವೂ ಅದೇ ಹಬ್ಬಗಳನ್ನು ಆಚರಿಸುವ ಧರ್ಮಸಭೆಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮತ್ತೆ ಮತ್ತೆ ಬಂದಾಗಲೇ ಮಾತು ಮನಸ್ಸಿಗೆ ಇಳಿಯುವುದು.

ಕಥೋಲಿಕ ಪರಂಪರೆಯಲ್ಲಿ ಈ ವಿಷಯದ ಬಗ್ಗೆ ಆಳವಾಗಿ ಚಿಂತಿಸಿದ ಇಬ್ಬರು ಮಹಿಳೆಯರನ್ನು ಇಲ್ಲಿ ಸ್ಮರಿಸಬೇಕು. ಮೊದಲನೆಯವರು ಮರಿಯಾ ಮಾಂಟೆಸ್ಸರಿ. ಅವರ ಹೆಸರಿನ ಶಾಲೆಗಳು ನಮ್ಮ ಊರೂರುಗಳಲ್ಲಿವೆ. ಅವರು 1939ರಲ್ಲಿ ಮದ್ರಾಸಿಗೆ ಬಂದು ಎರಡನೆಯ ಮಹಾಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದದ್ದು, ಕೊಡೈಕೆನಾಲಿನಲ್ಲಿ ವಾಸವಾಗಿದ್ದದ್ದು ಅನೇಕರಿಗೆ ತಿಳಿದಿದೆ. ಆದರೆ ಅದಕ್ಕೂ ಬಹಳ ಮೊದಲು ಸ್ಪೇನಿನ ಬಾರ್ಸಿಲೋನಾದಲ್ಲಿ ಮಕ್ಕಳ ಧಾರ್ಮಿಕ ಶಿಕ್ಷಣಕ್ಕಾಗಿ ಅವರು ನಡೆಸಿದ ಪ್ರಯೋಗ ಅಷ್ಟಾಗಿ ತಿಳಿದಿಲ್ಲ. ಅಲ್ಲಿ ಮಕ್ಕಳು ಪರಮಪ್ರಸಾದದ ರೊಟ್ಟಿಗಾಗಿ ಗೋಧಿಯನ್ನೂ ದ್ರಾಕ್ಷಾರಸಕ್ಕಾಗಿ ದ್ರಾಕ್ಷಿಯನ್ನೂ ತಾವೇ ಬೆಳೆದರು. ಬಲಿಪೀಠದ ಮೇಲಿನ ರೊಟ್ಟಿ ಎಲ್ಲಿಂದ ಬಂತು ಎಂಬುದನ್ನು ಆ ಮಕ್ಕಳಿಗೆ ಯಾವ ಹಾಳೆಯ ಮೇಲೂ ಬರೆದು ತೋರಿಸಬೇಕಾಗಿರಲಿಲ್ಲ.

ಎರಡನೆಯವರು ಇಟಲಿಯ ಸೋಫಿಯಾ ಕವಲೆಟ್ಟಿ. ಹೀಬ್ರೂ ಭಾಷೆ ಮತ್ತು ಪವಿತ್ರ ಗ್ರಂಥದ ವಿದ್ವಾಂಸೆಯಾಗಿದ್ದ ಅವರು, ಮಾಂಟೆಸ್ಸರಿ ಶಿಕ್ಷಕಿ ಜಿಯಾನ್ನಾ ಗೊಬ್ಬಿಯವರೊಡನೆ 1954ರಲ್ಲಿ ರೋಮ್ ನಗರದಲ್ಲಿ 'ಒಳ್ಳೆಯ ಕುರುಬನ ಧರ್ಮೋಪದೇಶ' ಎಂಬ ಕ್ರಮವನ್ನು ಆರಂಭಿಸಿದರು. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಲ್ಲಿ ಸಾಸಿವೆ ಕಾಳಿನ ಸಾಮತಿಯನ್ನು ಹೇಳುವಾಗ ನಿಜವಾದ ಕಾಳನ್ನೇ ತೋರಿಸುತ್ತಾರೆ. ಸಾಮತಿಯನ್ನು ನಿಧಾನವಾಗಿ ಓದುತ್ತಾರೆ. ಇದರ ಅರ್ಥ ಇಂಥದು ಎಂದು ಹೇಳಿ ಮುಗಿಸುವುದಿಲ್ಲ. ಅಷ್ಟು ಸಣ್ಣದರಿಂದ ಅಷ್ಟು ದೊಡ್ಡದು ಬಂದದ್ದು ಯಾವ ಶಕ್ತಿಯಿಂದ ಎಂದು ಮಗು ತಾನೇ ಬೆರಗಾಗಲು ಬಿಡುತ್ತಾರೆ. ಅರ್ಥ ಹೇಳಿಬಿಟ್ಟರೆ ಸಾಮತಿಯ ಬಾಗಿಲು ಮುಚ್ಚಿದಂತೆ ಎಂಬುದು ಅವರ ವಿಚಾರ. ಸಾಸಿವೆ ನಮ್ಮ ಪ್ರತಿ ಅಡಿಗೆಮನೆಯ ಒಗ್ಗರಣೆ ಡಬ್ಬಿಯಲ್ಲಿದೆ. ಅದನ್ನು ಮಗುವಿನ ಅಂಗೈಯಲ್ಲಿಡಲು ಯಾವ ಖರ್ಚೂ ಇಲ್ಲ.

ಗುಟ್ಟಾಗಿ ಬದಲಿಸಿದ ಗಿಡ

ಈಗ ಈ ಲೇಖನದ ಮುಖ್ಯ ವಿಷಯಕ್ಕೆ ಬರುತ್ತೇನೆ. ಲೋಟದಲ್ಲೋ ಕುಂಡದಲ್ಲೋ ಬಿತ್ತಿದ ಬೀಜ ಮೊಳೆಯದೆ ಹೋದರೆ ಏನು ಮಾಡಬೇಕು?

ಮನೆಗಳ ಭೇಟಿಯಲ್ಲಿ ತಂದೆತಾಯಿಯರು ನಗುನಗುತ್ತಾ ಹೇಳುವ ಒಂದು ಉಪಾಯವಿದೆ. ಮಗು ಮಲಗಿದ ಮೇಲೆ ನರ್ಸರಿಯಿಂದ ತಂದ ಸಸಿಯನ್ನು ಕುಂಡದಲ್ಲಿ ಊರಿಡುವುದು. ಬೆಳಿಗ್ಗೆ ಎದ್ದು ಮಗು ಕುಣಿದಾಡುತ್ತದೆ. ನೋಡು, ನೀನು ಪ್ರಾರ್ಥನೆ ಮಾಡಿದೆ, ಯೇಸುಸ್ವಾಮಿ ಗಿಡ ಕೊಟ್ಟರು ಎನ್ನುತ್ತೇವೆ. ಮಗು ಕೈಮುಗಿದು ಕೃತಜ್ಞತೆ ಹೇಳುತ್ತದೆ. ಇದರಲ್ಲಿ ಪ್ರೀತಿ ಇಲ್ಲವೆಂದು ನಾನು ಹೇಳಲಾರೆ. ಕಥೆಯ ತಂದೆತಾಯಿಯರನ್ನು ಕಾಡಿದ ಕಕ್ಕುಲತೆಯೇ ಇಲ್ಲಿಯೂ ಇದೆ. ಮಗುವಿಗೆ ನಿರಾಶೆಯಾಗಬಾರದು ಎಂಬುದೇ ಎರಡೂ ಕಡೆಯ ಭಯ. ಆದರೆ ಕಥೆಯ ತಂದೆತಾಯಿಯರು ತಮ್ಮ ಭಯವನ್ನು ಬಾಯಿಬಿಟ್ಟು ಹೇಳಿದರು. ನಾವು ಅದನ್ನು ಮುಚ್ಚಿಡುತ್ತೇವೆ, ಮುಚ್ಚಿಡಲು ಪ್ರಭುವಿನ ಹೆಸರನ್ನು ಬಳಸುತ್ತೇವೆ.

ಇದೇಕೆ ಗಂಭೀರ? ಆ ಮಗು ಮಾಡಿದ ಕೃತಜ್ಞತೆಯ ಪ್ರಾರ್ಥನೆ ನಿಜವಾದದ್ದು, ಅದಕ್ಕೆ ಕೊಟ್ಟ ಕಾರಣ ಮಾತ್ರ ಸುಳ್ಳು. ಎಂಟೊಂಬತ್ತು ವರ್ಷವಾದಾಗ ಅಂಥ ಗುಟ್ಟು ಹೇಗೋ ತಿಳಿಯುತ್ತದೆ. ಆಗ ಮಗು ಕಳೆದುಕೊಳ್ಳುವುದು ಒಂದು ಗಿಡದ ನೆನಪನ್ನಷ್ಟೇ ಅಲ್ಲ. ಅಪ್ಪ ಅಮ್ಮ ದೇವರ ಬಗ್ಗೆ ಹೇಳಿದ ಇನ್ನಾವ ಮಾತು ಇಂಥದ್ದಾಗಿತ್ತೋ ಎಂಬ ಸಂದೇಹ ಒಳಗೆ ಸೇರುತ್ತದೆ. ದೇವರ ಪರವಾಗಿ ನಾವು ಸುಳ್ಳು ಹೇಳಬೇಕಾಗಿಲ್ಲ. ದೇವರಿಗೆ ಅಂಥ ಸಹಾಯ ಬೇಡ.

ಪ್ರಭು ಯೇಸು ಹಾಗೆ ಮಾಡಲಿಲ್ಲ ಎಂಬುದನ್ನು ಗಮನಿಸಿ. ಬಿತ್ತುವವನ ಸಾಮತಿಯಲ್ಲಿ (ಮಾರ್ಕ 4:3-9) ಬೀಜ ಬಿದ್ದ ನಾಲ್ಕು ಜಾಗಗಳ ಪೈಕಿ ಮೂರರಲ್ಲಿ ಬೆಳೆ ಕೈಗೆ ಬರಲಿಲ್ಲ. ಹಕ್ಕಿ ತಿಂದದ್ದನ್ನು, ಬಿಸಿಲಿಗೆ ಬಾಡಿದ್ದನ್ನು, ಮುಳ್ಳಿನಲ್ಲಿ ಅಡಗಿದ್ದನ್ನು ಅವರು ಜನರಿಂದ ಬಚ್ಚಿಡಲಿಲ್ಲ. ಅಷ್ಟೆಲ್ಲ ಹೇಳಿದ ಮೇಲೆಯೇ ಮೂವತ್ತು, ಅರವತ್ತು, ನೂರರಷ್ಟು ಫಲದ ಮಾತನ್ನು ಹೇಳಿದರು. ಅಂಜೂರದ ಮರದ ಸಾಮತಿಯಲ್ಲಂತೂ (ಲೂಕ 13:6-9) ಕೊನೆಯೇ ಇಲ್ಲ. ಇನ್ನೊಂದು ವರ್ಷ ಇರಲಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎಂದು ತೋಟಗಾರ ಬೇಡಿಕೊಳ್ಳುತ್ತಾನೆ. ಮರ ಹಣ್ಣು ಬಿಟ್ಟಿತೇ? ಶುಭಸಂದೇಶ ಹೇಳುವುದಿಲ್ಲ.

'ಕ್ಯಾರೆಟ್ ಬೀಜ'ದ ಮಿತಿ ಇರುವುದು ಇಲ್ಲಿಯೇ. ಅದು ಮೊಳೆತ ಬೀಜದ ಕಥೆಯನ್ನಷ್ಟೇ ಹೇಳುತ್ತದೆ. ನೂರು ಪದಗಳ ಪುಸ್ತಕ ಎಲ್ಲವನ್ನೂ ಹೇಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಮೊಳೆಯದ ಬೀಜದ ಕಥೆಯನ್ನು ಹೇಳುವ ಹೊಣೆ ಮನೆಯದು. ಪುಸ್ತಕದ ಪ್ರತಿ ಪುಟಕ್ಕೂ ಒಂದು ವಾಕ್ಯವನ್ನು ಅಂಟಿಸುವುದರಿಂದ ಅದು ಕ್ರೈಸ್ತ ಕಲಿಕೆಯಾಗುವುದಿಲ್ಲ. ಸತ್ಯವನ್ನು ಮುಚ್ಚದೆ ಭರವಸೆಯನ್ನು ಉಳಿಸಿಕೊಳ್ಳುವುದನ್ನು ಮಗುವಿಗೆ ತೋರಿಸಿದಾಗ ಆಗುತ್ತದೆ.

ನಮ್ಮ ಮನೆಗಳಲ್ಲಿ ಮಾಡಬಹುದಾದದ್ದು

ಈ ಪುಸ್ತಕವನ್ನಾಗಲಿ ಇಂಥ ಇನ್ನೊಂದನ್ನಾಗಲಿ ಬಳಸುವ ತಂದೆತಾಯಿಯರಿಗೆ ಕೆಲವು ಸೂಚನೆಗಳನ್ನು ಕೊಡಬಯಸುತ್ತೇನೆ.

ಮೊದಲು ಬೀಜದ ಆಯ್ಕೆ. ಒದ್ದೆ ಹತ್ತಿಯಲ್ಲಿಟ್ಟ ಹೆಸರುಕಾಳು ಒಂದೆರಡು ದಿನದಲ್ಲೇ ಮೊಳೆಯುತ್ತದೆ. ನೋಡಲು ಸಂತೋಷ, ಆದರೆ ಅದು ಈ ಕಥೆಗೆ ತೀರಾ ಬೇಗ. ಕ್ಯಾರೆಟ್ ಬೀಜವೇ ಆದರೆ ಮೊಳೆಯಲು ಸುಮಾರು ಎರಡು ವಾರ, ಕೆಲವೊಮ್ಮೆ ಮೂರು ವಾರವೂ ಬೇಕು. ಕೀಳುವ ಹದಕ್ಕೆ ಬರಲು ಮೂರು ತಿಂಗಳ ಆಸುಪಾಸು. ಬಯಲುಸೀಮೆ, ಮಲೆನಾಡಿನ ತಂಪು ತಿಂಗಳುಗಳಲ್ಲಿ ಆಳವಾದ ಕುಂಡದಲ್ಲಿ ಇದನ್ನು ಬೆಳೆಯಬಹುದು. ಬೀಜವನ್ನು ಮೇಲುಮೇಲೆ ಬಿತ್ತಬೇಕು, ಮಣ್ಣಿನ ಮೇಲ್ಪದರ ಒಣಗಬಾರದು. ಸಸಿಯನ್ನು ಕಿತ್ತು ನೆಟ್ಟರೆ ಗಡ್ಡೆ ಕವಲೊಡೆಯುತ್ತದೆ, ಆದ್ದರಿಂದ ಬಿತ್ತಿದಲ್ಲೇ ಬೆಳೆಯಲು ಬಿಡಬೇಕು. ಸೆಕೆ ಹೆಚ್ಚಿರುವ ಕರಾವಳಿಯ ಮನೆಗಳಿಗೆ ಹಾಗಲವೋ ಬೆಂಡೆಯೋ ಸೂಕ್ತ. ಅವೂ ಮಗುವನ್ನು ಕೆಲವು ದಿನ ಕಾಯಿಸುತ್ತವೆ.

ಕಥೆಯ ಹುಡುಗ ಒಂದೇ ಬೀಜ ನೆಟ್ಟ. ಮನೆಯಲ್ಲಿ ಹತ್ತು ಬೀಜಗಳನ್ನು ಮಗುವಿನ ಕೈಯಿಂದಲೇ ಎಣಿಸಿ ಬಿತ್ತಿಸಿ. ಎಲ್ಲವೂ ಮೊಳೆಯುವುದು ಅಪರೂಪ. ಎಷ್ಟು ಮೊಳೆತವು, ಎಷ್ಟು ಮೊಳೆಯಲಿಲ್ಲ ಎಂದು ಮಗುವೇ ಎಣಿಸಲಿ. ಲೆಕ್ಕದ ಪಾಠಕ್ಕೆ ಬೇರೆ ಹಾಳೆ ಬೇಕಾಗಿಲ್ಲ. ಬಿತ್ತುವವನ ಸಾಮತಿಯೂ ಆ ಒಂದು ಕುಂಡದಲ್ಲೇ ಕಣ್ಣಿಗೆ ಕಾಣುತ್ತದೆ.

ನೀರು ಹಾಕುವ ಕೆಲಸ ಮಗುವಿನದಾಗಿರಲಿ. ಮಗು ಮರೆತರೆ ನೆನಪಿಸಿ, ಆದರೆ ಅದರ ಬದಲು ನೀವೇ ಹಾಕಿಬಿಡಬೇಡಿ. ಸಂಜೆಯ ಕುಟುಂಬ ಪ್ರಾರ್ಥನೆಗೆ ಮುನ್ನ ಎಲ್ಲರೂ ಸೇರಿ ಒಮ್ಮೆ ಕುಂಡವನ್ನು ನೋಡುವುದು ಸಾಕು. ಇವತ್ತು ಏನೂ ಕಾಣಲಿಲ್ಲ ಎಂದು ಹೇಳಲು ಹೆದರಬೇಡಿ. ಪ್ರಾರ್ಥನೆಯೂ ಸರಳವಾಗಿರಲಿ. ಗಿಡ ಕೊಡು ಎಂಬುದರ ಜೊತೆಗೆ, ನಮಗೆ ಕಾಣದ ಕಡೆಯಲ್ಲೂ ನೀನು ಕೆಲಸ ಮಾಡುತ್ತಿದ್ದೀ, ನಿನಗೆ ವಂದನೆ ಎಂಬುದೂ ಇರಲಿ.

ಮೊಳೆಯದೆ ಹೋದರೆ, ಮಗುವಿನೊಡನೆ ಮಣ್ಣನ್ನು ಮೆಲ್ಲನೆ ಕೆದಕಿ ನೋಡಿ. ಬೀಜ ಕೊಳೆತಿರಬಹುದು, ಇರುವೆ ಹೊತ್ತೊಯ್ದಿರಬಹುದು. ಮಗು ಅತ್ತರೆ ಅಳಲಿ, ಹತ್ತಿರ ಕೂರಿಸಿಕೊಳ್ಳಿ. ನೀನು ಚೆನ್ನಾಗಿ ನೋಡಿಕೊಂಡೆ, ಆದರೂ ಇದು ಬರಲಿಲ್ಲ ಎನ್ನಿ. ಆಮೇಲೆ ಇನ್ನೊಂದು ಹಿಡಿ ಬೀಜ ತನ್ನಿ. ಮತ್ತೆ ಬಿತ್ತುವುದೂ ವಿಶ್ವಾಸವೇ. ಇದನ್ನು ಕಲಿತ ಮಗುವಿಗೆ ಮುಂದೆ ಅಜ್ಜಿಯ ಸಾವಿನ ಮುಂದೆ ನಿಲ್ಲುವಾಗ, ನೆಲಕ್ಕೆ ಬಿದ್ದು ಸಾಯುವ ಗೋಧಿಯ ಕಾಳಿನ ಮಾತು (ಯೊವಾನ್ನ 12:24) ಪೂರ್ತಿ ಹೊಸದೆನಿಸಲಾರದು.

ನಮ್ಮ ಆಚರಣೆಗಳೂ ಈ ಕಲಿಕೆಗೆ ನೆರವಾಗುತ್ತವೆ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನ್ಮದಿನದಂದು ಕರಾವಳಿಯ ಧರ್ಮಕೇಂದ್ರಗಳಲ್ಲಿ ಮೊಂತಿ ಹಬ್ಬ, ಅಂದರೆ ತೆನೆ ಹಬ್ಬ ನಡೆಯುತ್ತದೆ. ಒಂಬತ್ತು ದಿನ ಮಕ್ಕಳು ಬಾಲೆ ಮರಿಯಳಿಗೆ ಹೂ ಅರ್ಪಿಸುತ್ತಾರೆ. ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು ಎಲ್ಲರೂ ಹಂಚಿಕೊಳ್ಳುತ್ತಾರೆ. ನಗರದಲ್ಲಿ ನೆಲೆಸಿದ ಕುಟುಂಬದ ಮಗು ತೆನೆಯನ್ನು ನೋಡುತ್ತದೆ, ಬಿತ್ತನೆಯನ್ನು ನೋಡಿರುವುದಿಲ್ಲ. ಜೂನ್ ತಿಂಗಳ ಮಳೆಯಲ್ಲಿ ಒಂದು ಕುಂಡಕ್ಕೆ ನಾಲ್ಕು ಭತ್ತದ ಕಾಳನ್ನು ಹಾಕಿಸಿದ್ದರೆ ಆ ಹಬ್ಬ ಮಗುವಿಗೆ ಬೇರೆಯಾಗಿಯೇ ಕಾಣುತ್ತದೆ. ಹಾಗೆಯೇ ಕ್ರಿಸ್ತಜಯಂತಿಯ ಗೋದಲಿಗಾಗಿ ರಾಗಿಯನ್ನು ಮೊಳಕೆ ಬರಿಸಿ ಹಸಿರು ಹಾಸುವ ರೂಢಿ ಅನೇಕ ಮನೆಗಳಲ್ಲಿದೆ. ಈಗ ಅಂಗಡಿಯ ಪ್ಲಾಸ್ಟಿಕ್ ಹುಲ್ಲು ಆ ಜಾಗವನ್ನು ಆಕ್ರಮಿಸುತ್ತಿದೆ. ಆಗಮನ ಕಾಲವೆಂದರೆ ಕಾಯುವ ಕಾಲ. ಆ ದಿನಗಳಲ್ಲಿ ಒಂದು ತಟ್ಟೆ ರಾಗಿಗೆ ದಿನವೂ ನೀರು ಚಿಮುಕಿಸುವ ಮಗುವಿಗೆ ಆಗಮನ ಕಾಲದ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ.

ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬ ಪ್ರೇಮವನ್ನು ಕುರಿತು ಬರೆದ 'ಅಮೋರಿಸ್ ಲೆತೀತ್ಸಿಯಾ' ಪ್ರಬೋಧನ ಪತ್ರದಲ್ಲಿ, ಮಕ್ಕಳಿಗೆ ವಿಶ್ವಾಸವನ್ನು ತಲುಪಿಸಲು ಸಂಕೇತ, ಕ್ರಿಯೆ, ಕಥೆಗಳ ಅಗತ್ಯವಿದೆ ಎಂಬುದನ್ನು ಒತ್ತಿ ಹೇಳಿದ್ದಾರೆ. 'ಕ್ಯಾರೆಟ್ ಬೀಜ' ಒಂದು ಒಳ್ಳೆಯ ಕಥೆ. ಬಿತ್ತುವುದು ಒಳ್ಳೆಯ ಕ್ರಿಯೆ. ಬೀಜ ಸಾಕ್ಷಾತ್ ಪ್ರಭುವೇ ಆರಿಸಿಕೊಂಡ ಸಂಕೇತ. ಮೂರೂ ನಮ್ಮ ಕೈಗೆಟಕುವಷ್ಟು ಹತ್ತಿರದಲ್ಲಿವೆ. ಅವುಗಳ ನಡುವೆ ನಮ್ಮ ಅವಸರವನ್ನು, ನಮ್ಮ ಭಯವನ್ನು, ಸುಳ್ಳು ಸಮಾಧಾನಗಳನ್ನು ತಂದಿಡದಿದ್ದರೆ ಸಾಕು.

ಪ್ರಿಯ ತಂದೆತಾಯಿಯರೇ, ನಿಮ್ಮ ಮಗುವಿನ ಹೃದಯದಲ್ಲಿ ನೀವು ಬಿತ್ತಿರುವ ವಿಶ್ವಾಸವೂ ಒಂದು ಬೀಜವೇ. ಅದು ಮೊಳೆಯುವ ದಿನ ನಿಮಗಾಗಲಿ ನನಗಾಗಲಿ ಗೊತ್ತಿಲ್ಲ. ಎಷ್ಟೋ ದಿನ ಏನೂ ಕಾಣದಿರಬಹುದು. ಮೊಳೆಯಲಾರದು ಎನ್ನುವವರು ಸುತ್ತ ಇದ್ದೇ ಇರುತ್ತಾರೆ. ಕಳೆ ಕೀಳುವುದು, ನೀರು ಹಾಕುವುದು ನಮ್ಮ ಪಾಲಿನ ಕೆಲಸ. ಅದನ್ನು ದಿನವೂ ಮಾಡೋಣ, ರಾತ್ರಿ ನೆಮ್ಮದಿಯಿಂದ ಮಲಗೋಣ. ಬೆಳೆಸುವವನು ನಿದ್ರಿಸುವುದಿಲ್ಲ.